ಎದುರು ತೂಕ

"ಇಳಿಸಿ, ಇಳಿಸಿ! ಎಡಕ್ಕೆ ಹೋಗ್ತಿದೆ!" ಎಂದು ಪೆಟ್ಟಿಗೆಯವನು ಕೂಗಿಕೊಂಡ.

ಹೆಗಲಿಗೇರಿದ್ದ ಶವದ ಪೆಟ್ಟಿಗೆ ಎಡಮಗ್ಗುಲಿಗೆ ವಾಲಿ, ಇನ್ನೊಂದು ಗಳಿಗೆಯಾಗಿದ್ದರೆ ಬಾಗಿಲ ಚೌಕಟ್ಟಿಗೆ ಬಡಿಯುತ್ತಿತ್ತು. ಹೊತ್ತಿದ್ದ ನಾಲ್ವರೂ ಮುಗ್ಗರಿಸುತ್ತ ಅದನ್ನು ಮತ್ತೆ ನಡುಮನೆಯ ಬೆಂಚಿನ ಮೇಲೆ ಇಳಿಸಿದರು. ಎಡಗಡೆಯ ಇಬ್ಬರ ಮುಖ ಕೆಂಪೇರಿತ್ತು. ಬಲಗಡೆಯ ಇಬ್ಬರು ತಮ್ಮ ಖಾಲಿ ಹೆಗಲನ್ನು ನೋಡಿಕೊಳ್ಳುತ್ತಿದ್ದರು.

"ಏನ್ರಪ್ಪಾ, ಬೆಳಿಗ್ಗೆ ಹೊಟ್ಟೆಗೇನೂ ಹಾಕ್ಕೊಂಡಿಲ್ವಾ?" ಎಂದ ಸತ್ತವರ ತಮ್ಮ. ಲಾರಿ ಡ್ರೈವರು ಅವನು. ದುಃಖ ಬಂದಾಗ ತಮಾಷೆ ಮಾಡದಿದ್ದರೆ ಅವನಿಗೆ ಉಸಿರು ಕಟ್ಟುತ್ತದೆ.

"ನಾವು ನೆಟ್ಟಗೇ ಎತ್ತಿದ್ವಿ ಅಣ್ಣ," ಎಂದ ಪಕ್ಕದ ಮನೆಯ ಕ್ಷೌರಿಕ, ಹೆಗಲು ತಿಕ್ಕಿಕೊಳ್ಳುತ್ತ. "ಒಳಗಡೆ ಯಾರೋ ಮಗ್ಗುಲು ಬದಲಾಯಿಸಿದ ಹಾಗಾಯ್ತು."

ಈ ಮಾತಿಗೆ ಯಾರೂ ನಗಲಿಲ್ಲ. ತೀರಿಹೋದ ಮೇಸ್ತ್ರಿಯ ಹೆಂಡತಿ, ಗೋಡೆಗೊರಗಿ ಕೂತಿದ್ದವಳು, ಎದ್ದು ನಿಂತಳು. ಬೆಳಗಿನಿಂದ ಅವಳದು ಒಂದೇ ಹಟ. "ಮುಚ್ಚಳ ತೆಗೀರಿ. ನೆಟ್ಟಗೆ ಮಲಗಿಸಿ ಅಂತ ಆಗಲೇ ಹೇಳಿದ್ದೆ. ನಮ್ಮೆಜಮಾನ್ರು ಹೀಗೆ ಮಲಗೋರಲ್ಲ."

"ನೆಟ್ಟಗೇ ಮಲಗಿಸಿದ್ದೆ ತಾಯಿ. ನನ್ನ ಕಸುಬೇ ಅದು," ಎಂದು ಗೊಣಗುತ್ತ ಪೆಟ್ಟಿಗೆಯವನು ಮುಚ್ಚಳ ಸರಿಸಿದ.

ಮೇಸ್ತ್ರಿ ಎಡಕ್ಕೆ ಜಾರಿದ್ದರು. ಎಡಭುಜ ಹಲಗೆಗೆ ಒತ್ತಿಕೊಂಡಿತ್ತು. ಆ ಕಡೆ ಯಾರೋ ಕೂತು ಪಿಸುಗುಟ್ಟುತ್ತಿರುವಂತೆಯೂ ಇವರು ಕಿವಿಗೊಟ್ಟಿರುವಂತೆಯೂ ತಲೆ ಓರೆಯಾಗಿತ್ತು. ಮಗಳು ಅಪ್ಪನ ಎದೆಯ ಮೇಲೆ ಅಡ್ಡಕ್ಕಿಟ್ಟಿದ್ದ ಬೆರಳುದ್ದದ ರಸಮಟ್ಟದಲ್ಲಿ ಗಾಜಿನೊಳಗಿನ ಗುಳ್ಳೆ ಬಲತುದಿಗೆ ಅಂಟಿಕೊಂಡಿತ್ತು. ಬಲಗಾಲಿಗೆ ಪಾಲಿಶ್ ಹಾಕಿದ ಬೂಟು, ಎಡಗಾಲಿಗೆ ಬರೀ ಕಾಲುಚೀಲ. ಎಡಗಾಲಿನ ಬೂಟು ನಿನ್ನೆಯಿಂದ ಸಿಕ್ಕಿರಲಿಲ್ಲ.

ನಿನ್ನೆ ಸಂಜೆ ಮೇಸ್ತ್ರಿ ಪ್ರಾಣ ಬಿಟ್ಟದ್ದು ತಮ್ಮ ಮನೆಯಲ್ಲಲ್ಲ. ಊರಿನ ಆ ತುದಿಯ ಯಾವುದೋ ಓಣಿಯಲ್ಲಿ, ಯಾರದೋ ಮನೆಯ ಮೆಟ್ಟಿಲ ಮೇಲೆ, ಕೂತಲ್ಲೇ. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮೋಟಾರು ಆಗಲೂ ಗುರುಗುಡುತ್ತಿತ್ತಂತೆ. ಸಾವಿನ ಮನೆಗೆ ಬಂದವರು ಅಳುವುದಕ್ಕಿಂತ ಹೆಚ್ಚಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಆ ಮೆಟ್ಟಿಲಿನ ಕಾರಣಕ್ಕೆ. ಊರ ಬಾಯಿಗೆ ಬೀಗ ಹಾಕುವವರು ಯಾರು?

ಪೆಟ್ಟಿಗೆಯವನು ದೇಹವನ್ನು ನಡುವಿಗೆ ಸರಿಸಿ, ಎಡಗಡೆ ಬಟ್ಟೆಯ ಸುರುಳಿ ತುರುಕಿದ. ಅವನು ಕೈ ತೆಗೆಯುವಷ್ಟರಲ್ಲಿ ಮೇಸ್ತ್ರಿ ಮತ್ತೆ ಮೆಲ್ಲಗೆ ಎಡಕ್ಕೆ ವಾಲಿದರು.

"ಅಣ್ಣನ ಕಸುಬು ಅಣ್ಣನಿಗೇ ಆಗಲಿ," ಎಂದ ತಮ್ಮ. ಕಪಾಟಿನಲ್ಲಿದ್ದ ತಕ್ಕಡಿಯ ದೊಡ್ಡ ತೂಕದ ಕಲ್ಲನ್ನು ತಂದು ಪೆಟ್ಟಿಗೆಯೊಳಗೆ ಬಲಗಡೆ ಇಟ್ಟ. "ಒಂದು ಕಡೆ ಭಾರವಾದ್ರೆ ಇನ್ನೊಂದು ಕಡೆ ಎದುರು ತೂಕ. ಹ್ಞೂಂ, ಎತ್ತಿ."

ಎತ್ತಿದರು. ಪೆಟ್ಟಿಗೆ ಮೊದಲಿಗಿಂತ ಹೆಚ್ಚು ಎಡಕ್ಕೆ ವಾಲಿತು.

ಈ ಸಲ ತಮ್ಮನಿಗೂ ತಮಾಷೆ ಹುಟ್ಟಲಿಲ್ಲ. ಪೆಟ್ಟಿಗೆಯವನು ಬೆವರು ಒರೆಸಿಕೊಂಡು, ಮುಚ್ಚಳವನ್ನು ಗೋಡೆಗೆ ಆನಿಸಿಟ್ಟ. "ಹಟಮಾರಿಗಳನ್ನ ಬೇಕಾದಷ್ಟು ಕಂಡಿದ್ದೀನಿ. ಎಲ್ಲಾ ಬದುಕಿದ್ದೋರು," ಎಂದ. "ಸ್ವಲ್ಪ ಹೊತ್ತು ಬಿಡೋಣ."

*

ತಕ್ಕಡಿ ರಿಪೇರಿ ಮೇಸ್ತ್ರಿಯ ಕಸುಬು. ದಿನಸಿ ಅಂಗಡಿಯ ತೂಗುತಕ್ಕಡಿಯಿಂದ ಹಿಡಿದು ಔಷಧದಂಗಡಿಯ ಗಾಜಿನ ಗೂಡಿನೊಳಗಿನ ಪುಟ್ಟ ತಕ್ಕಡಿಯವರೆಗೆ ಎಲ್ಲವೂ ಅವರ ಕೈಮೇಲೆ ಹಾದುಹೋಗಿದ್ದವು. ಮನುಷ್ಯನೂ ಅಷ್ಟೇ, ಗೂಟ ಹೊಡೆದ ಹಾಗೆ ನೆಟ್ಟಗೆ. ಅಂಗಿಯ ಜೇಬಿನಲ್ಲಿ ಸದಾ ಆ ರಸಮಟ್ಟ. ಯಾರ ಮನೆಗೆ ಹೋದರೂ ಗೋಡೆಯ ಪಟದ ಮೇಲೆ ಅದನ್ನಿಟ್ಟು, ಗುಳ್ಳೆ ನಡುವಿಗೆ ಬಂದ ಮೇಲೆಯೇ ಕೂರುವುದು. ಮದುವೆಯ ಹೊಸದರಲ್ಲಿ ಹೆಂಡತಿ ರೇಗಿ, "ನನ್ನ ತಲೆ ಮೇಲೂ ಇಟ್ಟು ನೋಡಿಬಿಡಿ," ಎಂದಿದ್ದಳು. ಪುಣ್ಯಾತ್ಮ ನಿಜವಾಗಿಯೂ ಇಟ್ಟು ನೋಡಿದ್ದರು. "ಸ್ವಲ್ಪ ನನ್ನ ಕಡೆ ವಾಲಿದೆ. ಇರಲಿ ಬಿಡು, ಇದೊಂದನ್ನ ಸರಿಮಾಡಲ್ಲ," ಎಂದಿದ್ದರು. ಅವತ್ತಿನಿಂದ ಅವಳು ಅವರ ಮೇಲೆ ರೇಗುವುದನ್ನು ಅರ್ಧ ಬಿಟ್ಟಳು.

ಅಂಕಿ ಮಿನುಗುವ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದ ಮೇಲೆ ಮುಳ್ಳಿನ ತಕ್ಕಡಿಯನ್ನು ಕೇಳುವವರಿಲ್ಲವಾಯಿತು. ಅಂಗಡಿ ಮುಚ್ಚಿ, ಕೂತಲ್ಲಿ ಕೂರದೆ ನಿಂತಲ್ಲಿ ನಿಲ್ಲದೆ ಒದ್ದಾಡುತ್ತಿದ್ದ ಮನುಷ್ಯ ಒಂದು ದಿನ ಗುಜರಿ ಅಂಗಡಿಯಿಂದ ಒಂದು ಸೈಕಲ್ಲನ್ನು ಹೊತ್ತು ತಂದರು. ಅಜ್ಜನ ಕಾಲದ್ದು. ಕಂಬಿಯ ಬ್ರೇಕು, ಹಿತ್ತಾಳೆ ಗಂಟೆ, ಎರಡು ದಪ್ಪ ಸ್ಪ್ರಿಂಗುಗಳ ಮೇಲೆ ಕೂತ ಚರ್ಮದ ಸೀಟು. ಉಳಿದದ್ದೆಲ್ಲ ತುಕ್ಕು.

ಹಿತ್ತಲ ಕೊಟ್ಟಿಗೆಯಲ್ಲಿ ಕೆಲಸ ಶುರುವಾಯಿತು. ಒಂದೊಂದು ಬೋಲ್ಟನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕುವುದು, ತಂತಿ ಬ್ರಶ್ಶಿನಿಂದ ಉಜ್ಜುವುದು, ಚಕ್ರ ತಿರುಗಿಸಿ ಒಂದೊಂದೇ ಕಡ್ಡಿ ಬಿಗಿದು ಓರೆ ತೆಗೆಯುವುದು. ಅವಳು ಸ್ಪ್ಯಾನರು ಕೊಡುತ್ತ, ದೀಪ ಹಿಡಿಯುತ್ತ ಪಕ್ಕದಲ್ಲೇ ಇರುತ್ತಿದ್ದಳು. ಸಂಸಾರ ಹೂಡಿದ ಮೇಲೆ ಅಷ್ಟು ಮಾತಾಡಿಕೊಂಡದ್ದು ಆ ಕೊಟ್ಟಿಗೆಯಲ್ಲೇ. ಒಂದು ವಿಷಯಕ್ಕೆ ಮಾತ್ರ ಜಗಳ. ಸೀಟಿನ ಚರ್ಮ ಎಡಗಡೆಗೆ ಗುಳಿಬಿದ್ದಿತ್ತು. ಎಡ ಪೆಡಲು ಬಲದ್ದಕ್ಕಿಂತ ಹೆಚ್ಚು ಸವೆದಿತ್ತು. ಇವೆರಡನ್ನೂ ಅವರು ಬದಲಾಯಿಸಲು ಒಪ್ಪಲಿಲ್ಲ.

"ಸೀಟಾದ್ರೂ ಹೊಸದು ಹಾಕ್ರೀ. ಯಾವನು ಕೂತಿದ್ನೋ ಏನೋ."

"ಸವೆದದ್ದು ಕೆಟ್ಟದ್ದಲ್ಲ ಕಣೇ. ತಕ್ಕಡಿ ತಟ್ಟೆ ಸವೆದ್ರೆ ಎಸೀತೀವಾ? ಎಷ್ಟು ಸವೆದಿದೆ ಅಂತ ತಿಳ್ಕೊಂಡು ತೂಗ್ತೀವಿ."

ಮಂಡಿನೋವಿನ ಮನುಷ್ಯನಿಗೆ ಪೆಡಲು ತುಳಿಯುವುದು ಎಷ್ಟು ದಿನ? ಔಷಧಿ ಸಿಂಪಡಿಸುವ ಹಳೆಯ ಯಂತ್ರದಿಂದ ಪುಟ್ಟ ಪೆಟ್ರೋಲ್ ಮೋಟಾರೊಂದನ್ನು ಬಿಚ್ಚಿ ತಂದರು. ಆಗಲೇ ಎಡವಟ್ಟಾದದ್ದು. ಸೈಕಲ್ಲಿನ ಚೌಕಟ್ಟು ಒಂದು ಕೂದಲಷ್ಟು ಎಡಕ್ಕೆ ಬಾಗಿತ್ತು. ಸೈಕಲ್ ಶಾಪಿನವನಾಗಿದ್ದರೆ ಕಾಯಿಸಿ, ಬಡಿದು ನೆಟ್ಟಗೆ ಮಾಡುತ್ತಿದ್ದ. ಇವರು ತಕ್ಕಡಿಯವರು. ತಕ್ಕಡಿಯ ಕೋಲನ್ನು ಬಗ್ಗಿಸುವುದು ಅವರ ಕಸುಬಿನಲ್ಲಿ ಪಾಪ. ಒಂದು ಕಡೆ ಇಳಿದರೆ ಇನ್ನೊಂದು ಕಡೆಗೆ ತೂಕ ಇಡಬೇಕು, ಅಷ್ಟೇ. ಹಿಂದಿನ ಚಕ್ರದ ಬಲಗಡೆ ಚೌಕಟ್ಟಿನ ಕಬ್ಬಿಣ ಒಂದು ಕಡೆ ಸವೆದು ಹಳ್ಳವಾಗಿತ್ತು, ಏನೋ ಭಾರವಾದದ್ದು ವರ್ಷಾನುಗಟ್ಟಲೆ ಅಲ್ಲಿ ನೇತಾಡಿದ ಹಾಗೆ.

"ನೋಡು, ಜಾಗ ಆಗಲೇ ರೆಡಿ ಇದೆ," ಎಂದು ಮೇಸ್ತ್ರಿ ಹಿಗ್ಗಿದರು. ಮೋಟಾರನ್ನೂ ಅದರ ಟ್ಯಾಂಕನ್ನೂ ಸರಿಯಾಗಿ ಅಲ್ಲೇ ಕೂರಿಸಿ ಬೋಲ್ಟು ಬಿಗಿದರು. ಹ್ಯಾಂಡಲಿನ ಮೇಲೆ ರಸಮಟ್ಟವಿಟ್ಟರು. ಗುಳ್ಳೆ ನಡುವಿಗೆ ಬಂತು.

ಆದರೆ ತಕ್ಕಡಿಯ ಮೇಲೆ ಮನುಷ್ಯ ಕೂರುವುದಿಲ್ಲ, ಸೈಕಲ್ಲಿನ ಮೇಲೆ ಕೂರುತ್ತಾನೆ. ಬಲಗಡೆ ಅಷ್ಟು ಭಾರ ಹೇರಿಕೊಂಡವನು ಬೀಳದೆ ನೆಟ್ಟಗೆ ಹೋಗಬೇಕಾದರೆ ತಾನು ಎಡಕ್ಕೆ ವಾಲಲೇಬೇಕು. ಮೇಸ್ತ್ರಿ ವಾಲಿದರು. ಎಡಗಡೆ ಗುಳಿಬಿದ್ದ ಸೀಟು ಅವರನ್ನು ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಹಿಡಿದುಕೊಂಡಿತು.

*

"ನನಗೆ ಮೊದಲೇ ಗೊತ್ತಾಗಿತ್ತು," ಎನ್ನುತ್ತಿದ್ದ ಕ್ಷೌರಿಕ, ನಡುಮನೆಯಲ್ಲಿ ಕೂತವರಿಗೆ. "ಕಟಿಂಗಿಗೆ ಕೂತ್ರೆ ಎಡಭುಜ ಕೆಳಗೆ. 'ನೆಟ್ಟಗೆ ಕೂತ್ಕೊಳ್ಳಿ ಮೇಸ್ತ್ರಿ' ಅಂದ್ರೆ, 'ಕೂತಿದ್ದೀನಲ್ಲ' ಅನ್ನೋರು. ಕನ್ನಡಿ ನೋಡ್ಕೊಂಡು ಹೇಳೋರು ಮಾರಾಯ್ರೆ! ಆಮೇಲಾಮೇಲೆ ನನ್ನ ಕುರ್ಚಿಯನ್ನೇ ಓರೆ ಮಾಡಿ ಕತ್ತರಿಸ್ತಿದ್ದೆ."

"ವಯಸ್ಸು," ಎಂದಳು ಮಗಳು.

"ವಯಸ್ಸಾದೋರು ಮುಂದಕ್ಕೆ ಬಗ್ತಾರಮ್ಮ. ಪಕ್ಕಕ್ಕೆ ಬಗ್ಗೋರನ್ನ ನಾನು ಕಂಡಿಲ್ಲ."

ಹೆಂಡತಿಗೆ ಗೊತ್ತಿದ್ದದ್ದು ಭುಜಕ್ಕಿಂತ ಹೆಚ್ಚು. ಅದನ್ನು ಹೇಳಿದರೆ ದುಃಖಕ್ಕೆ ತಲೆ ಕೆಟ್ಟಿದೆ ಎಂದಾರು.

*

ಮೊದಲು ಬಂದದ್ದು ಕೆಮ್ಮು. ಸಂಜೆ ಸೈಕಲ್ಲು ನಿಲ್ಲಿಸಿ, ಗಂಟೆ ಬಾರಿಸಿ, ಎರಡು ಸಲ ಕೆಮ್ಮುವುದು. ಎದೆಯಲ್ಲಿ ಕಫವಿಲ್ಲ, ಗಂಟಲಲ್ಲಿ ಕೆರೆತವಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತು ಎಡಗಾಲಿನ ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುವುದು. "ನೋವಾ?" ಎಂದರೆ, "ಇಲ್ಲಪ್ಪ," ಎಂದು ತಮ್ಮ ಕೈಯನ್ನೇ ಬೆರಗಿನಿಂದ ನೋಡಿಕೊಳ್ಳುವುದು. ಆಮೇಲಾಮೇಲೆ ತಮ್ಮ ಮನೆಯ ತೆರೆದ ಬಾಗಿಲನ್ನೇ ತಟ್ಟತೊಡಗಿದರು.

"ಇದೇನ್ರೀ ಹೊಸ ಮರ್ಯಾದೆ? ನಿಮ್ಮನೆಗೆ ನೀವೇ ನೆಂಟರಾ?"

ಅವರು ಹೊಸಿಲಲ್ಲಿ ನಿಂತು ನಡುಮನೆಯನ್ನು ಒಂದು ಸುತ್ತು ನೋಡುತ್ತಿದ್ದರು. ಗೋಡೆಯ ಪಟ ಸೊಟ್ಟಗಿದ್ದರೂ ಅದರ ಕಡೆ ಕೈ ಹೋಗುತ್ತಿರಲಿಲ್ಲ. ಅವಳು ಬೇಕೆಂದೇ ಪಟಗಳನ್ನು ಸೊಟ್ಟ ಮಾಡಿಟ್ಟು ಕಾದದ್ದುಂಟು. ಅವು ಹಾಗೇ ಉಳಿದವು.

ಒಂದು ಸಂಜೆ ಕಿಟಕಿಯಲ್ಲಿ ನಿಂತಿದ್ದಳು. ಬೀದಿಯ ತಿರುವಿನಿಂದ ಯಾರೋ ಎಡಕ್ಕೆ ವಾಲಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಯಾರಪ್ಪಾ ಇದು, ಈ ಬೀದಿಯವರಲ್ಲ ಎಂದುಕೊಂಡಳು. ಗೇಟಿನಲ್ಲಿ ಎರಡು ಕೆಮ್ಮು ಕೇಳಿದ ಮೇಲೆಯೇ ತಿಳಿದದ್ದು. ಕಟ್ಟಿಕೊಂಡ ಗಂಡನನ್ನು ತಾನೇ ಗುರುತು ಹಿಡಿಯಲಿಲ್ಲವಲ್ಲ!

ಅಂದು ಅವಳು ತಡೆಯಲಾರದೆ ಕೂಗಾಡಿದಳು. "ಆ ಮೋಟಾರು ಕಿತ್ತು ಬಿಸಾಕಿ. ಅದು ಬಂದಾಗಿನಿಂದ ನೀವು ನೀವಾಗಿಲ್ಲ."

"ನಾಳೆ ಕೀಳ್ತೀನಿ," ಎಂದರು ಮೇಸ್ತ್ರಿ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು, "ಒಂದು ಓಣಿ ಇದೆ ಕಣೇ. ನಾನು ಬೇಡ ಅಂದ್ರೂ ಸೈಕಲ್ಲು ಅಲ್ಲಿಗೇ ಎಳೀತದೆ."

"ಯಾರಿದ್ದಾರೆ ಅಲ್ಲಿ?"

"ಒಂದು ಮೆಟ್ಟಿಲಿದೆ. ಕೂತ್ಕೋತೀನಿ. ಆಮೇಲೆ ಮನೆಗೆ ಬರ್ತೀನಿ."

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಆ ಮಾತಿಗೆ ಅವಳು ಒಂದೇ ಅರ್ಥ ಹಚ್ಚಿದಳು. ಆಮೇಲೆ ಅವಳು ಮೋಟಾರಿನ ಸುದ್ದಿ ಎತ್ತಲಿಲ್ಲ, ಓಣಿಯ ಸುದ್ದಿ ಎತ್ತಲಿಲ್ಲ. ಅವರ ನಾಳೆಯೂ ಬರಲಿಲ್ಲ.

*

ಹಿತ್ತಲಿನಲ್ಲಿ ಗಂಟೆಯ ಸದ್ದಾಯಿತು.

ನಡುಮನೆಯಲ್ಲಿದ್ದವರೆಲ್ಲ ತಲೆಯೆತ್ತಿದರು. ಆ ಹಿತ್ತಾಳೆ ಗಂಟೆಯ ಸದ್ದು ಬೀದಿಗೆಲ್ಲ ಗೊತ್ತು. ಸೈಕಲ್ಲನ್ನು ನಿನ್ನೆ ತಮ್ಮನೇ ತಳ್ಳಿಕೊಂಡು ಬಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ. "ನಾನು ನೋಡ್ತೀನಿ ಅತ್ತಿಗೆ," ಎಂದನೇ ಹೊರತು ಕೂತಲ್ಲಿಂದ ಏಳಲಿಲ್ಲ. ಅವಳೇ ಎದ್ದು ಹೋದಳು.

ಕೊಟ್ಟಿಗೆಯಲ್ಲಿ ತನಗಿಂತ ಹಿರಿಯಳಾದ ಮುದುಕಿಯೊಬ್ಬಳು ಸೈಕಲ್ಲಿನ ಪಕ್ಕ ನಿಂತಿದ್ದಳು. ಒಂದು ಕೈ ಗಂಟೆಯ ಮೇಲೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು. "ಸಾವಿನ ಮನೆ ಯಾವುದು ಅಂತ ಕೇಳ್ಕೊಂಡು ಬಂದೆ. ಹಿಂದಿನ ಗೇಟು ತೆರೆದಿತ್ತು. ನಾನು ಒಳಗೆ ಬರಲ್ಲ ತಾಯಿ. ಇದನ್ನ ಕೊಟ್ಟು ಹೋಗೋಣ ಅಂತ," ಎಂದು ಗಂಟು ಬಿಚ್ಚಿದಳು. ಎಡಗಾಲಿನ ಬೂಟು. "ಮೆಟ್ಟಿಲ ಸಂದಿಗೆ ಉರುಳಿತ್ತು."

ಹೆಂಡತಿ ಬೂಟನ್ನು ಕಿತ್ತುಕೊಂಡಳು. ಇವಳೇ. ಆ ಮೆಟ್ಟಿಲು ಇವಳದೇ. "ಎಷ್ಟು ದಿನದಿಂದ ನಡೀತಿತ್ತು ಇದು?" ಎಂದಳು.

"ನೀವು ಕೇಳೋದು ನನಗೆ ಅರ್ಥ ಆಗುತ್ತೆ. ನಿಮ್ಮೆಜಮಾನ್ರು ಒಂದು ದಿನಾನೂ ನನ್ನ ಹೊಸಿಲು ದಾಟಿಲ್ಲ. ಅವರ ಹೆಸರು ಏನಂತ ನನಗೆ ಈಗಲೂ ಗೊತ್ತಿಲ್ಲ." ಮುದುಕಿ ಸೀಟಿನ ಗುಳಿಯ ಮೇಲೆ ಅಂಗೈ ಇಟ್ಟಳು. "ಇದು ನಮ್ಮೋರ ಸೈಕಲ್ಲು. ಮನೆಮನೆಗೆ ಹಾಲು ಹಾಕ್ತಿದ್ರು. ಕ್ಯಾನು ಇಲ್ಲಿ ನೇತುಹಾಕೋರು." ಅವಳ ಬೆರಳು ಮೋಟಾರಿನ ಮೇಲೆ ನಿಂತಿತು. "ಬಲಗಡೆ ಕ್ಯಾನಿನ ಭಾರ, ಮನುಷ್ಯ ಎಡಕ್ಕೆ. ಹಾಗೇ ಓಡಿಸಿ ಓಡಿಸಿ ಸೈಕಲ್ಲೂ ಬಾಗ್ತು, ಅವರೂ ಬಾಗಿದ್ರು, ಎಡಗಾಲು ಊದ್ಕೊಳ್ತು. ಬಂದವ್ರು ಗಂಟೆ ಬಾರಿಸಿ ಎರಡು ಸಲ ಕೆಮ್ಮೋರು, ನಾನು ಬಾಗಿಲು ತೆಗೀಲಿ ಅಂತ. ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚೋರು."

ಹೆಂಡತಿಯ ಸಿಟ್ಟು ಎಲ್ಲಿ ಹೋಯಿತೋ.

"ಅವರು ಹೋದ ಮೇಲೆ ಇದನ್ನ ನೋಡೋಕಾಗದೆ ಗುಜರಿಗೆ ಹಾಕಿಸಿದೆ. ಎಷ್ಟೋ ವರ್ಷ ಆಯ್ತು. ಒಂದು ಸಂಜೆ ಬಾಗಿಲಾಚೆ ಅದೇ ಗಂಟೆ, ಎರಡು ಕೆಮ್ಮು. ಓಡಿ ಬಂದು ಬಾಗಿಲು ತೆಗೆದ್ರೆ ಮೆಟ್ಟಿಲ ಮೇಲೆ ಕೂತಿರೋ ಬೆನ್ನು ನಮ್ಮೋರದು. ತಿರುಗಿದ್ರೆ ಮುಖ ಬೇರೆಯವರದು." ಮುದುಕಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಇನ್ನು ಬರಬೇಡಿ ಅನ್ನಬೇಕಿತ್ತು. ಅನ್ನಲಿಲ್ಲ. ಆ ಬೆನ್ನು ನೋಡೋ ಆಸೆ ನನಗೆ. ನೀರು ಕೊಡ್ತಿದ್ದೆ, ಕುಡಿದು ಹೋಗೋರು. ನಿನ್ನೆ ಒಂದೇ ಒಂದು ಮಾತಾಡಿದ್ರು."

"ಏನಂದ್ರು?"

"'ನಮ್ಮನೇಲಿ ಕಾಯ್ತಿರ್ತಾಳೆ, ಹೋಗಬೇಕು. ಏಳೋಕಾಗ್ತಿಲ್ಲ. ಬಲಗಡೆ ತುಂಬಾ ಭಾರ' ಅಂದ್ರು. ಅಷ್ಟೇ."

ಹೆಂಡತಿ ಮೋಟಾರನ್ನೇ ನೋಡುತ್ತ ನಿಂತಳು. ಒಳಗೆ ಪೆಟ್ಟಿಗೆಯಲ್ಲಿ ಬಲಗಡೆ ತೂಕದ ಕಲ್ಲು ಇಟ್ಟ ಕೂಡಲೇ ಗಂಡ ಇನ್ನಷ್ಟು ಎಡಕ್ಕೆ ವಾಲಿದ್ದು ಕಣ್ಣ ಮುಂದೆ ಬಂತು. ಅಯ್ಯೋ, ಇದಕ್ಕೆ ತೂಕ ಕೂಡಿಸಿ ಏನು ಪ್ರಯೋಜನ? ಇಳಿಸಬೇಕಾದದ್ದಲ್ಲವೇ?

ಗೋಡೆಯಲ್ಲಿ ತೂಗುಬಿದ್ದಿದ್ದ ಸ್ಪ್ಯಾನರುಗಳಲ್ಲಿ ಯಾವುದು ಬೇಕೆಂದು ಅವಳ ಕೈಗೆ ಗೊತ್ತಿತ್ತು. ಮೊಣಕಾಲೂರಿ ಕೂತಳು. ಮೊದಲ ಬೋಲ್ಟು ಸುಲಭಕ್ಕೆ ಬಂತು. ಎರಡನೆಯದಕ್ಕೆ ಬೆರಳ ಗಂಟು ತರಚಿ ರಕ್ತ ಜಿನುಗಿತು. ಕೊನೆಯದಂತೂ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮೋಟಾರಿನ ಕಬ್ಬಿಣ ಬೆಚ್ಚಗಿತ್ತು. ನಿನ್ನೆಯಿಂದ ಓಡದ ಮೋಟಾರು, ಈಗಷ್ಟೇ ಯಾರೋ ಬಂದಿಳಿದ ಹಾಗೆ.

"ಕೆಳಗಿಂದ ಹಿಡ್ಕೊಳ್ಳಿ," ಎಂದಳು ಮುದುಕಿಗೆ. ಮುದುಕಿ ಎರಡೂ ಕೈಯೊಡ್ಡಿ ಭಾರವನ್ನು ತಾಳಿಕೊಂಡಳು. ಟಣ್ಣೆಂದು ಬೋಲ್ಟು ಬಿಟ್ಟಿತು. ಮೋಟಾರು ಇಬ್ಬರ ಮಡಿಲಿಗೂ ಬಿತ್ತು.

"ಅತ್ತಿಗೇ!" ಒಳಗಿನಿಂದ ತಮ್ಮ ಕಿರುಚಿದ. "ಬೇಗ ಬನ್ನಿ!"

ನಡುಮನೆಯಲ್ಲಿ ಎಲ್ಲರೂ ಬೆಂಚಿನಿಂದ ದೂರ ಸರಿದು ಗೋಡೆಗೆ ಅಂಟಿಕೊಂಡಿದ್ದರು. ತೆರೆದ ಪೆಟ್ಟಿಗೆಯಲ್ಲಿ ಮೇಸ್ತ್ರಿ ನಡುಮಧ್ಯದಲ್ಲಿ, ಗೂಟ ಹೊಡೆದ ಹಾಗೆ ನೆಟ್ಟಗೆ ಮಲಗಿದ್ದರು. ಮುಖ ಸೂರಿನ ಕಡೆಗೆ. ಎರಡೂ ಭುಜ ಸಮ. ರಸಮಟ್ಟದ ಗುಳ್ಳೆ ಸ್ವಲ್ಪ ಹೊತ್ತು ತೂಗಾಡಿ ನಡುವಿಗೆ ಬಂದು ನಿಂತಿತು.

"ಯಾರು ಸರಿಮಾಡಿದ್ದು?" ಎಂದಳು.

"ಯಾರೂ ಕೈ ಹಚ್ಚಿಲ್ಲ ತಾಯಿ," ಎಂದ ಪೆಟ್ಟಿಗೆಯವನು. "ಹಿತ್ತಲಲ್ಲಿ ಏನೋ ಟಣ್ ಅಂತು. ಇವರು ಉಸಿರು ಬಿಟ್ಟ ಹಾಗೆ ಕೇಳಿಸ್ತು."

"ಆ ಕಲ್ಲು ತೆಗೀರಿ."

ತಮ್ಮನೇ ಬಂದು ತೂಕದ ಕಲ್ಲನ್ನು ತೆಗೆದ. ಅವಳು ಬೂಟನ್ನು ಸೆರಗಿನಿಂದ ಒರೆಸಿ ಗಂಡನ ಎಡಗಾಲಿಗೆ ತಾನೇ ತೊಡಿಸಿ ದಾರ ಕಟ್ಟಿದಳು. ಆಮೇಲೆ ಅವರ ಮುಖದ ಹತ್ತಿರ ಬಗ್ಗಿದಳು. ಅದು ಅವಳಿಗೆ ಗೊತ್ತಿದ್ದ ಮುಖ. ಪಟ ಸೊಟ್ಟಗಿದ್ದರೆ ಸಹಿಸದ ಮುಖ.

"ಈಗ ಬಂದ್ರಾ?" ಎಂದಳು. ಬೆಳಗಿನಿಂದ ಬಾರದ ಅಳು ಆಗ ಬಂತು. ಮಗಳು ಹಿಡಿದುಕೊಂಡರೂ ನಿಲ್ಲಲಿಲ್ಲ.

*

ಈ ಸಲ ಪೆಟ್ಟಿಗೆ ಹಗುರವಾಗಿ ಎದ್ದಿತು. ಅದರ ಮೇಲೆ ತುಂಬಿದ ಲೋಟ ಇಟ್ಟಿದ್ದರೂ ನೀರು ತುಳುಕುತ್ತಿರಲಿಲ್ಲ. ಬೀದಿಯಲ್ಲಿ ವ್ಯಾನು ಕಾಯುತ್ತಿತ್ತು.

ಹೊರಡುವ ಮುಂಚೆ ಅವಳು ಹಿತ್ತಲಿಗೆ ಬಂದಳು. ಮುದುಕಿ ಇನ್ನೂ ಸೈಕಲ್ಲಿನ ಪಕ್ಕದಲ್ಲೇ ನಿಂತಿದ್ದಳು.

"ಇದನ್ನ ನಾನೇನು ಮಾಡ್ಲಿ," ಎಂದಳು ಮೇಸ್ತ್ರಿಯ ಹೆಂಡತಿ. "ನಮ್ಮೋರು ನಮ್ಮನೆಗೆ ಬಂದ್ರು. ನಿಮ್ಮೋರನ್ನ ನೀವು ಕರ್ಕೊಂಡು ಹೋಗಿ."

ಮುದುಕಿ ಅವಳ ಗಾಯವಾದ ಕೈಯನ್ನು ಹಿಡಿದು ಒಂದು ಸಲ ಒತ್ತಿದಳು. ಸ್ಟ್ಯಾಂಡು ತೆಗೆದು, ಹಿಂದಿನ ಗೇಟಿನಿಂದ ಸೈಕಲ್ಲು ತಳ್ಳಿಕೊಂಡು ಹೊರಟಳು.

ವ್ಯಾನಿನ ಹಿಂಭಾಗದಲ್ಲಿ ಪೆಟ್ಟಿಗೆಯ ಪಕ್ಕ ಮೇಸ್ತ್ರಿಯ ಹೆಂಡತಿ ಕೂತಳು. ಎದುರಿಗೆ ಮಗಳು. ವ್ಯಾನು ಹೊರಟಾಗ ಎಲ್ಲ ಅಲುಗಾಡಿದವು, ಪೆಟ್ಟಿಗೆಯೊಂದನ್ನು ಬಿಟ್ಟು. ಅವಳು ಅದರ ಮುಚ್ಚಳದ ಮೇಲೆ ಅಂಗೈಯೂರಿ, ಹಿಂದಿನ ಗಾಜಿನಿಂದ ಆಚೆ ನೋಡಿದಳು.

ಬೀದಿಯ ಆ ತುದಿಯಲ್ಲಿ, ವ್ಯಾನಿಗೆ ವಿರುದ್ಧ ದಿಕ್ಕಿನಲ್ಲಿ, ಮುದುಕಿ ಹೋಗುತ್ತಿದ್ದಳು. ಒಂದು ಕಡೆ ಅವಳು ನಿಂತಳು. ಯಾರಾದರೂ ಹತ್ತಿ ಕೂರುವವರೆಗೆ ಕಾಯುವವರು ನಿಲ್ಲುವ ಹಾಗೆ. ಮಧ್ಯಾಹ್ನದ ಬಿಸಿಲಿನಲ್ಲಿ ಸೀಟಿನ ಕೆಳಗಿನ ಎರಡು ಸ್ಪ್ರಿಂಗುಗಳು ಮಿನುಗಿ, ಮೆಲ್ಲಗೆ ಕುಗ್ಗಿದವು. ಎಡಗಡೆಯದು ಹೆಚ್ಚು.

"ಏನಮ್ಮ, ಏನು ನೋಡ್ತಿದ್ದೀಯ?" ಎಂದಳು ಮಗಳು.

ಮುದುಕಿ ಮತ್ತೆ ನಡೆದಳು. ಅವಳ ಕೈ ಹ್ಯಾಂಡಲಿನ ಮೇಲಿರಲಿಲ್ಲ. ಹಿಂದಿನ ಕ್ಯಾರಿಯರಿನ ಮೇಲೆ ಸುಮ್ಮನೆ ಒಂದು ಕೈ ಇಟ್ಟುಕೊಂಡು, ತಲೆಯೆತ್ತಿ ಏನೋ ಮಾತಾಡುತ್ತ ಹೋಗುತ್ತಿದ್ದಳು. ಪಕ್ಕದಲ್ಲಿ ಸೈಕಲ್ಲು ತುಸು ಎಡಕ್ಕೆ ವಾಲಿಕೊಂಡು, ಬೀಳದೆ, ಅವಳ ನಡಿಗೆಗೆ ತಕ್ಕಂತೆ ನಿಧಾನವಾಗಿ ಉರುಳುತ್ತಿತ್ತು.